ಇಪ್ಪತ್ತಾರು ಅಂಕಿಗಳ ಒಡನಾಟ

18,947,668,177,995,426,462,773,730.

ಈ ಸಂಖ್ಯೆ ಲೋಕದ ಕಿವಿಗೆ ಬಿದ್ದದ್ದು 1980ರ ಜೂನ್ 18ರಂದು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ. ಅಲ್ಲಿನ ಕಂಪ್ಯೂಟರ್ ವಿಭಾಗದವರು ಗೊತ್ತುಗುರಿಯಿಲ್ಲದೆ ಆರಿಸಿದ ಎರಡು ಸಂಖ್ಯೆಗಳನ್ನು ನಮ್ಮ ಬೆಂಗಳೂರಿನ ಶಕುಂತಲಾ ದೇವಿಯವರ ಮುಂದಿಟ್ಟರು. ಒಂದು 7,686,369,774,870. ಇನ್ನೊಂದು 2,465,099,745,779. ಎರಡರಲ್ಲೂ ಹದಿಮೂರು ಹದಿಮೂರು ಅಂಕಿ. ಕಾಗದವಿಲ್ಲ, ಪೆನ್ಸಿಲ್ ಇಲ್ಲ. 28 ಸೆಕೆಂಡಿನಲ್ಲಿ ಅವರು ಗುಣಲಬ್ಧವನ್ನು ಹೇಳಿದರು. 1982ರ ಗಿನ್ನೆಸ್ ದಾಖಲೆಗಳ ಪುಸ್ತಕದಲ್ಲಿ ಅದು ಅಚ್ಚಾಯಿತು. ಮೇಲೆ ಬರೆದಿರುವುದು ಆ ಉತ್ತರ.

ನಾನಾಗ ತಿಪಟೂರಿನಲ್ಲಿ ಮಾಧ್ಯಮಿಕ ಶಾಲೆಯ ಹುಡುಗ. ಯಾವುದೋ ವಾರಪತ್ರಿಕೆಯಲ್ಲಿ ಈ ದಾಖಲೆಯ ಬಗ್ಗೆ ಒಂದು ಬರಹ ಬಂದಿತ್ತು. ಮೂರೂ ಸಂಖ್ಯೆಗಳನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಮನೆಯಲ್ಲಿ, ಶಾಲೆಯಲ್ಲಿ ಎಲ್ಲರ ಬಾಯಲ್ಲೂ ಆ 28 ಸೆಕೆಂಡಿನದೇ ಮಾತು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಈ ಇಪ್ಪತ್ತಾರು ಅಂಕಿ ಸರಿ ಎಂದು ಯಾರೋ ಹೇಳಿದ್ದಾರೆ, ಪತ್ರಿಕೆ ಅಚ್ಚು ಹಾಕಿದೆ. ನಾನು ಅದನ್ನು ಏಕೆ ನಂಬಬೇಕು? ನನ್ನ ಕೈಯಲ್ಲೇ ಅದನ್ನು ಪರೀಕ್ಷಿಸಲು ಆಗುತ್ತದೆಯೇ?

ಮೊದಲ ದಾರಿ ತೋರಿಸಿದವರು ನನ್ನ ದೊಡ್ಡಪ್ಪ. ಅವರು ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ದಿನವಿಡೀ ಕಿರ್ದಿ, ಖಾತೆ, ತೂಕದ ಚೀಟಿ. ಓದಿದ್ದು ಕೆಳಗಿನ ತರಗತಿಗಳವರೆಗೆ ಮಾತ್ರ, ಆದರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳೆಲ್ಲ ನಾಲಗೆಯ ತುದಿಯಲ್ಲಿ. ಗುಣಾಕಾರ ಮಾಡಿದ ಮೇಲೆ ಅವರು ಪಕ್ಕದಲ್ಲಿ ಒಂದು ಸಣ್ಣ ಕತ್ತರಿ ಗುರುತು ಹಾಕಿ, ಅದರ ನಾಲ್ಕು ಮೂಲೆಯಲ್ಲಿ ನಾಲ್ಕು ಅಂಕಿ ಬರೆಯುತ್ತಿದ್ದರು. ಅದೇನು ಎಂದು ಆವರೆಗೆ ನಾನು ಕೇಳಿರಲಿಲ್ಲ. ನನ್ನ ನೋಟ್‌ಬುಕ್ಕನ್ನು ಒಯ್ದು ಮುಂದೆ ಹಿಡಿದೆ.

"ಇಷ್ಟು ಉದ್ದದ್ದನ್ನ ಗುಣಿಸಿ ನೋಡೋಕೆ ಹೊತ್ತಿಲ್ಲ ಮಗಾ. ಒಂಬತ್ತು ಕಳೆದು ನೋಡು" ಅಂದರು.

ಅಂಕಿಗಳನ್ನೆಲ್ಲ ಕೂಡಬೇಕು, ಒಂದೇ ಅಂಕಿ ಉಳಿಯುವವರೆಗೆ ಕೂಡುತ್ತಲೇ ಹೋಗಬೇಕು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78. ಏಳೂ ಎಂಟೂ 15, ಒಂದೂ ಐದೂ 6. ಎರಡನೆಯದರ ಮೊತ್ತ 74. ಅದು 11 ಆಗಿ, 2ಕ್ಕೆ ಬಂತು. ಆರೆರಡಲಿ 12, ಅಂದರೆ 3. ಉತ್ತರದ ಇಪ್ಪತ್ತಾರು ಅಂಕಿಗಳನ್ನು ಕೂಡಿದೆ. 138. ಒಂದು, ಮೂರು, ಎಂಟು ಸೇರಿ 12. ಮತ್ತೆ 3!

ಆ ಎರಡು ಮೂರುಗಳು ಒಂದಕ್ಕೊಂದು ಎದುರಾದಾಗ ನನಗಾದ ಸಂತೋಷವನ್ನು ಈಗಲೂ ಮೈಯೆಲ್ಲ ನೆನೆಯುತ್ತದೆ. ಲಂಡನ್ನಿನಲ್ಲಿ ನಡೆದ ಸಂಗತಿಯೊಂದನ್ನು ತಿಪಟೂರಿನ ಜಗಲಿಯ ಮೇಲೆ ಕೂತು ಮುಟ್ಟಿ ನೋಡಿದಂತಾಗಿತ್ತು. ಆದರೆ ದೊಡ್ಡಪ್ಪ ಒಂದು ಮಾತು ಸೇರಿಸಿದರು. "ಇದು ಒಪ್ಪಲಿಲ್ಲ ಅಂದರೆ ಲೆಕ್ಕ ತಪ್ಪು ಅನ್ನೋದು ಖಂಡಿತ. ಒಪ್ಪಿತು ಅಂದರೆ ಲೆಕ್ಕ ಸರಿ ಅಂತ ಮಾತ್ರ ತಿಳಕೋಬೇಡ."

ಆ ಮಾತಿನ ತೂಕ ಗೊತ್ತಾದದ್ದು ಶಾಲೆಯಲ್ಲಿ. ನಮ್ಮ ಗೋಡೆ ಪತ್ರಿಕೆಗೆ ಗೆಳೆಯನೊಬ್ಬ ಶಕುಂತಲಾ ದೇವಿಯವರ ಬಗ್ಗೆ ಬರೆದ. ಬಣ್ಣದ ಶಾಯಿಯಲ್ಲಿ ಉತ್ತರವನ್ನೂ ಬರೆದ. ಓದುತ್ತಾ ನಿಂತಾಗ ಏನೋ ತಪ್ಪಿದೆ ಅನ್ನಿಸಿತು. 947 ಇರಬೇಕಾದ ಜಾಗದಲ್ಲಿ 974 ಆಗಿತ್ತು. ಅಂಕಿ ಅವೇ, ಜಾಗ ಅದಲು ಬದಲು. ಒಂಬತ್ತು ಕಳೆದು ನೋಡಿದರೆ ಮೊತ್ತ ಅದೇ 138. ತಪ್ಪು ಸಂಖ್ಯೆಯೂ ಪರೀಕ್ಷೆಯಲ್ಲಿ ಪಾಸಾಗಿತ್ತು.

ಗಣಿತದ ಮೇಷ್ಟ್ರ ಹತ್ತಿರ ಓಡಿದೆ. ಅವರು ಮೊದಲು ಒಂಬತ್ತರ ಗುಟ್ಟನ್ನು ಬಿಡಿಸಿ ಹೇಳಿದರು. 10, 100, 1000 ಇವೆಲ್ಲ ಒಂಬತ್ತರ ಮಗ್ಗಿಗಿಂತ ಒಂದೊಂದೇ ಹೆಚ್ಚು. ಹಾಗಾಗಿ ಅಂಕಿ ಯಾವ ಸ್ಥಾನದಲ್ಲಿದ್ದರೂ ಅದು ಉಳಿಸುವ ಶೇಷ ಒಂದೇ. ಸ್ಥಾನದ ಗೊಡವೆ ಇಲ್ಲದ ಪರೀಕ್ಷೆಗೆ ಸ್ಥಾನ ತಪ್ಪಿದ್ದು ಹೇಗೆ ತಿಳಿದೀತು? ಆಮೇಲೆ ಕರಿಹಲಗೆಯ ಮೇಲೆ 1001 ಎಂದು ಬರೆದರು. "ಏಳು ಹನ್ನೊಂದಲಿ ಎಪ್ಪತ್ತೇಳು, ಎಪ್ಪತ್ತೇಳು ಹದಿಮೂರಲಿ ಸಾವಿರದ ಒಂದು. ಒಂದೇ ಏಟಿಗೆ ಮೂರು ಪರೀಕ್ಷೆ ಕಣೋ" ಅಂದರು.

ಅವರು ಕಲಿಸಿದ್ದು ಇಷ್ಟು. 1000 ಎಂಬುದು 1001ಕ್ಕಿಂತ ಒಂದು ಕಡಿಮೆ. ಆದ್ದರಿಂದ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದು ಗುಂಪನ್ನು ಕೂಡಿ, ಮುಂದಿನದನ್ನು ಕಳೆದು, ಹೀಗೆ ಸಾಗಿದರೆ 1001ರಿಂದ ಭಾಗಿಸಿದ ಶೇಷವೇ ಕೈಗೆ ಬರುತ್ತದೆ. ಮೊದಲ ಸಂಖ್ಯೆ: 870 − 774 + 369 − 686 + 7. ಬಂದದ್ದು −214. ಎರಡನೆಯದು: 779 − 745 + 99 − 465 + 2. ಬಂದದ್ದು −330. ಎರಡನ್ನೂ ಗುಣಿಸಿದರೆ 70,620. ಅದಕ್ಕೂ ಅದೇ ವಿಧಾನ: 620 − 70, ಅಂದರೆ 550. ಈಗ ಉತ್ತರದ ಸರದಿ: 730 − 773 + 462 − 426 + 995 − 177 + 668 − 947 + 18. ಕೂಡಿ ಕಳೆದು ಕೊನೆಗೆ ಉಳಿದದ್ದು 550. ಗೋಡೆ ಪತ್ರಿಕೆಯ ಸಂಖ್ಯೆಗೆ ಇದೇ ಪರೀಕ್ಷೆ ಮಾಡಿದರೆ 523 ಬರುತ್ತದೆ. ಅಲ್ಲಿಗೆ ತಪ್ಪು ಸಿಕ್ಕಿಬಿತ್ತು. ಗೆಳೆಯ ಅದನ್ನು ತಿದ್ದಿದ, ಪಕ್ಕದಲ್ಲಿ ಈ ಪರೀಕ್ಷೆಯನ್ನೂ ಬರೆದು ಅಂಟಿಸಿದೆವು.

ಕಾಲೇಜಿಗೆ ಬಂದ ಮೇಲೆ 999ರ ಪರೀಕ್ಷೆಯನ್ನೂ ಸೇರಿಸಿಕೊಂಡೆ. ಇಲ್ಲಿ ಮೂರಂಕಿಯ ಗುಂಪುಗಳನ್ನು ಬರೀ ಕೂಡುತ್ತಾ ಹೋದರೆ ಸಾಕು. ಮೊದಲ ಸಂಖ್ಯೆಯಿಂದ 708, ಎರಡನೆಯದರಿಂದ 92. ಅವುಗಳ ಗುಣಲಬ್ಧ 65,136. 65 ಮತ್ತು 136 ಸೇರಿ 201. ಉತ್ತರದ ಗುಂಪುಗಳ ಮೊತ್ತ 5196. 5 ಮತ್ತು 196 ಸೇರಿ ಅದೂ 201. 999ಕ್ಕೂ 1001ಕ್ಕೂ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಎರಡನ್ನೂ ದಾಟಿದ ಸಂಖ್ಯೆ 9,99,999ರ ಪರೀಕ್ಷೆಯನ್ನೇ ದಾಟಿದಂತೆ. ಕಣ್ಣುಮುಚ್ಚಿ ಬರೆದ ತಪ್ಪು ಉತ್ತರವೊಂದು ಈ ಜರಡಿಯಲ್ಲಿ ಉಳಿಯುವ ಸಂಭವ ಹತ್ತು ಲಕ್ಷದಲ್ಲಿ ಒಂದರಷ್ಟು. ಕೊನೆಯ ಮೂರಂಕಿಯನ್ನೂ ನೋಡಿದೆ. 870ನ್ನು 779ರಿಂದ ಗುಣಿಸಿದರೆ 6,77,730. ಕೊನೆಗೆ 730 ಕೂತಿದೆ, ಉತ್ತರದಲ್ಲೂ ಹಾಗೆಯೇ. ಅಷ್ಟಾದ ಮೇಲೂ ಒಂದು ರಜೆಯಲ್ಲಿ ಚೌಕುಳಿ ಹಾಳೆ ಹರಡಿಕೊಂಡು ಪೂರ್ತಿ ಗುಣಾಕಾರ ಮಾಡಿದೆ. ಶಾಲೆಯ ಪದ್ಧತಿಯಲ್ಲಿ ಅದಕ್ಕೆ 169 ಪುಟ್ಟ ಗುಣಾಕಾರ ಬೇಕು, ಆಮೇಲೆ ಉದ್ದುದ್ದ ಕೂಡಿಕೆ. ಬೆಳಿಗ್ಗೆ ಕೂತವನು ಎದ್ದಾಗ ಮಧ್ಯಾಹ್ನ ಕಳೆದಿತ್ತು. ಇಪ್ಪತ್ತಾರೂ ಅಂಕಿ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಆ ಹೊತ್ತಿಗೆ 28 ಸೆಕೆಂಡಿನ ಅರ್ಥ ನನಗೆ ನಿಜವಾಗಿ ಆಯಿತು.

ಸರಿಯೇ ತಪ್ಪೇ ಎಂಬ ಪ್ರಶ್ನೆ ಮುಗಿದ ಮೇಲೆ ಈ ಸಂಖ್ಯೆಯ ಗುಣ ಏನು ಎಂಬ ಪ್ರಶ್ನೆ ಎದ್ದಿತು. ಹೊರಗಿನಿಂದ ನೋಡಿದರೆ ಅಲ್ಲಿ ಯಾವ ಕ್ರಮವೂ ಕಾಣದು. ಆದರೆ ಬಲ್ಲವರಿಗೆ ಅದು ತನ್ನ ಒಳಗನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ಕೊನೆಯಲ್ಲಿ 30 ಇರುವುದರಿಂದ 2 ಮತ್ತು 5 ಅದರಲ್ಲಿವೆ, ಆದರೆ 4 ಇಲ್ಲ, 25 ಇಲ್ಲ. ಅಂಕಿಗಳ ಮೊತ್ತ 138 ಆದ್ದರಿಂದ 3 ಇದೆ, 9 ಇಲ್ಲ. ಶೇಷ 550 ಹನ್ನೊಂದರ ಮಗ್ಗಿಯಲ್ಲಿ ಬರುವುದರಿಂದ 11 ಇದೆ. ಇದು ಪೂರ್ಣ ವರ್ಗವಾಗಲು ಸಾಧ್ಯವೇ ಇಲ್ಲ, ಏಕೆಂದರೆ 2 ಒಂದೇ ಒಂದು ಸಲ ಬಂದಿದೆ. 2, 3, 5 ಬಂದದ್ದು ಮೊದಲ ಸಂಖ್ಯೆಯಿಂದ. 11 ಬಂದದ್ದು ಎರಡನೆಯದರಿಂದ. ಅವನ್ನೆಲ್ಲ ಹೊರತೆಗೆದರೆ ನಮ್ಮ ಸಂಖ್ಯೆ ಹೀಗೆ ಕಾಣುತ್ತದೆ:

330 × 256,212,325,829 × 224,099,976,889.

ಉಳಿದ ಎರಡು ಹನ್ನೆರಡಂಕಿಯ ಗಟ್ಟಿ ತುಂಡುಗಳನ್ನು 37ರವರೆಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದ ಭಾಗಿಸಿ ನೋಡಿದೆ. ಯಾವುದಕ್ಕೂ ಅವು ಬಗ್ಗಲಿಲ್ಲ. ಕೈಯಲ್ಲಿ ಮುಂದುವರಿಸುವುದಾದರೆ ದೊಡ್ಡ ತುಂಡಿಗೆ ಐದು ಲಕ್ಷ ದಾಟುವವರೆಗೂ ಅವಿಭಾಜ್ಯಗಳನ್ನು ಪರೀಕ್ಷಿಸುತ್ತಾ ಹೋಗಬೇಕಾಗಬಹುದು. ಐದು ಲಕ್ಷದೊಳಗೇ ಅಂಥವು 41,538 ಇವೆ. ಕಂಪ್ಯೂಟರಿಗೆ ಇದು ಕ್ಷಣದ ಕೆಲಸ. ಆದರೂ ನನ್ನ ಕೈ ಮುಟ್ಟಿದಲ್ಲಿಗೆ ನಿಲ್ಲಿಸಿಕೊಂಡೆ.

ಇಲ್ಲಿ ನನಗೆ ಹೊಳೆದದ್ದು ಗಣಿತದ ಒಂದು ಆಳವಾದ ಸತ್ಯ. ಗುಣಿಸಿ ಕೂಡಿಸುವುದು ಸುಲಭ, ಕೂಡಿದ್ದನ್ನು ಬಿಡಿಸುವುದು ಕಷ್ಟ. ಮೊಸರು ಕಡೆದು ಮಜ್ಜಿಗೆ ಮಾಡಿದ ಮೇಲೆ ಮತ್ತೆ ಮೊಸರು ಮಾಡಲು ಬಾರದ ಹಾಗೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದೇ ಕಷ್ಟವನ್ನು ಬೀಗವಾಗಿ ಮಾಡಿಕೊಂಡು ಗುಪ್ತಲಿಪಿಯ ವಿಧಾನವೊಂದನ್ನು ಕಟ್ಟಿದರು. ಅದೇ ವರ್ಷ 129 ಅಂಕಿಗಳ ಸಂಖ್ಯೆಯೊಂದನ್ನು ಬಿಡಿಸಿ ತೋರಿಸಿ ಎಂದು ಸವಾಲೂ ಹಾಕಿದರು. 64 ಮತ್ತು 65 ಅಂಕಿಗಳ ಎರಡು ಅವಿಭಾಜ್ಯಗಳ ಗುಣಲಬ್ಧ ಅದು. ನೂರಾರು ಸ್ವಯಂಸೇವಕರ ಕಂಪ್ಯೂಟರುಗಳು ಸೇರಿ ಅದನ್ನು ಬಿಡಿಸಿದ್ದು 1994ರಲ್ಲಿ. ಇಂದು ನಾವು ಅಂತರ್ಜಾಲದಲ್ಲಿ ಕಳಿಸುವ ಗುಟ್ಟುಗಳ ಕಾವಲಿನಲ್ಲಿ ಈ ತತ್ತ್ವಕ್ಕೂ ಪಾಲಿದೆ.

ನಮ್ಮ ಇಪ್ಪತ್ತಾರು ಅಂಕಿಗಳ ಸಂಖ್ಯೆ ಎಷ್ಟು ದೊಡ್ಡದು? ಸೆಕೆಂಡಿಗೆ ಒಂದರಂತೆ ಎಣಿಸುತ್ತಾ ಕೂತರೆ ವಿಶ್ವಕ್ಕೆ ಈಗ ಆಗಿರುವ ವಯಸ್ಸಿನ ನಾಲ್ಕು ಕೋಟಿ ಪಟ್ಟಿಗೂ ಹೆಚ್ಚು ಕಾಲ ಬೇಕು. ಹಾಗೆಂದು ಅದು ನಕ್ಷತ್ರಗಳಾಚೆ ಎಲ್ಲೋ ಇರುವಂಥದ್ದಲ್ಲ. 18 ಗ್ರಾಂ ನೀರಿನಲ್ಲಿ 10ರ 23ನೇ ಘಾತದ ಆರು ಪಟ್ಟಿಗಿಂತ ತುಸು ಹೆಚ್ಚು ಅಣುಗಳಿರುತ್ತವೆ ಎಂದು ಪಿಯುಸಿಯಲ್ಲಿ ಓದಿದ ದಿನವೇ ಲೆಕ್ಕ ಹಾಕಿದೆ. ನಮ್ಮ ಸಂಖ್ಯೆಯಷ್ಟು ಅಣುಗಳು ಇರುವುದು ಸುಮಾರು 567 ಗ್ರಾಂ ನೀರಿನಲ್ಲಿ. ಅಂದರೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು. ಬಾಯಾರಿದ ಮನುಷ್ಯ ಒಂದೇ ಉಸಿರಿಗೆ ಕುಡಿದು ಮುಗಿಸಬಲ್ಲ ನೀರು.

ಈ ಸಂಖ್ಯೆಯ ಹೆಸರೇನು ಎಂದು ಹುಡುಕುತ್ತಾ ಹೋದಾಗ ಸಿಕ್ಕವರು ಮಹಾವೀರಾಚಾರ್ಯರು. ಒಂಬತ್ತನೆಯ ಶತಮಾನ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ನೃಪತುಂಗನ ರಾಜಧಾನಿ ಮಾನ್ಯಖೇಟ ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವರ ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳಿವೆ. ಏಕ, ದಶ, ಶತದಿಂದ ಹೊರಟು ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತ್ಯಗಳನ್ನು ಹಾದು ಕ್ಷೋಭ, ಮಹಾಕ್ಷೋಭದವರೆಗೆ. ಕೊನೆಯದು ಇಪ್ಪತ್ತನಾಲ್ಕನೆಯ ಸ್ಥಾನ. ನಮ್ಮ ಸಂಖ್ಯೆಗೆ ಇಪ್ಪತ್ತಾರು ಸ್ಥಾನ. ಆಚಾರ್ಯರ ಪಟ್ಟಿಯನ್ನು ಎರಡು ಹೆಜ್ಜೆ ದಾಟಿ ನಿಂತಿದೆ. ಅವರ ಲೆಕ್ಕದಲ್ಲಿ ಹೇಳುವುದಾದರೆ ನೂರ ಎಂಬತ್ತೊಂಬತ್ತು ಮಹಾಕ್ಷೋಭ, ಅದರ ಮೇಲೆ ಹತ್ತಿರ ಹತ್ತಿರ ಅರ್ಧ.

ಅದೇ ಗ್ರಂಥದಲ್ಲಿ ಗುಣಾಕಾರದ ಸೊಗಸಾದ ಉದಾಹರಣೆಗಳಿವೆ. 2,79,94,681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರದಂತೆ ಕಂಡವರು. ಆ ಹಾರ ಹೇಗೆ ಪೋಣಿಸಿದೆ ಎಂದು ಬಿಚ್ಚಿ ನೋಡಿದೆ. 441 ಎಂದರೆ 21ರ ವರ್ಗ. ದೊಡ್ಡ ಸಂಖ್ಯೆ 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ 111111. ಆದ್ದರಿಂದ ಹಾರ ಎಂಬುದು 111111ರ ವರ್ಗ. ಸಾವಿರ ವರ್ಷಗಳ ಹಿಂದಿನ ಆಚಾರ್ಯರ ಮನಸ್ಸಿನ ಲಹರಿಯೇ ಕಣ್ಣಿಗೆ ಕಂಡಂತಾಯಿತು. ಅವರದು ಬೇಕೆಂದೇ ಪೋಣಿಸಿದ ಹಾರ. ಇಂಪೀರಿಯಲ್ ಕಾಲೇಜಿನ ಸಂಖ್ಯೆ ಯಾರೂ ಪೋಣಿಸದೆ ಬಂದದ್ದು. ಅದಕ್ಕೂ ತನ್ನದೇ ಒಳರಚನೆ ಇದೆ ಎಂಬುದೇ ನನಗೆ ಇನ್ನೂ ದೊಡ್ಡ ವಿಸ್ಮಯ.

ಶಕುಂತಲಾ ದೇವಿಯವರ ಮತ್ತೊಂದು ಸಾಧನೆಯನ್ನೂ ಇದೇ ರೀತಿ ಕೈಯಾರೆ ಮುಟ್ಟಿ ನೋಡಿದೆ. 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿರುವ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ ಅವರು 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದರು. ಯೂನಿವ್ಯಾಕ್ ಕಂಪ್ಯೂಟರ್ 62 ಸೆಕೆಂಡ್ ತೆಗೆದುಕೊಂಡಿತು. ಉತ್ತರ 546372891. ಒಂದರಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಒಂದೊಂದೇ ಸಲ ಬಂದಿರುವ ಸಂಖ್ಯೆ! ಮೊತ್ತ 45, ಆದ್ದರಿಂದ 9 ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಹಾಗಿದ್ದ ಮೇಲೆ ಆ 201 ಅಂಕಿಯ ರಾಶಿಯನ್ನು 9ರಿಂದ ಇಪ್ಪತ್ತಮೂರು ಸಲ ಶೇಷವಿಲ್ಲದೆ ಭಾಗಿಸಬಹುದು.

ಇನ್ನೊಂದು ಗುಣ ಇದಕ್ಕಿಂತ ಚೆಂದ. 1, 3, 7, 9ರಲ್ಲಿ ಮುಗಿಯುವ ಯಾವುದೇ ಸಂಖ್ಯೆಯನ್ನು 20ನೇ ಘಾತಕ್ಕೆ ಏರಿಸಿದರೆ ಕೊನೆಯ ಎರಡಂಕಿ 01 ಆಗುತ್ತದೆ. ಹಾಗಾಗಿ 23ನೇ ಘಾತದ ಕೊನೆಯ ಎರಡಂಕಿಯೂ ಘನದ ಕೊನೆಯ ಎರಡಂಕಿಯೂ ಒಂದೇ. 91ರ ಘನ 7,53,571. ಆ 201 ಅಂಕಿಗಳ ಸಾಲು ಮುಗಿಯುವುದೂ 71ರಲ್ಲೇ. ಹಾಗೆ ಮುಗಿಯುವ 23ನೇ ಘಾತದ ಮೂಲ 91ರಲ್ಲೇ ಮುಗಿಯಬೇಕು, ಬೇರೆ ದಾರಿಯೇ ಇಲ್ಲ. ಪರ್ವತದಂಥ ಸಂಖ್ಯೆಯ ಬುಡದಲ್ಲೇ ಉತ್ತರದ ತುದಿ ಸಿಕ್ಕಿಬಿಡುತ್ತದೆ. ಇದು ತಿಳಿದದ್ದರಿಂದ ಅವರ ಮೇಲಿನ ಬೆರಗು ಕಡಿಮೆಯಾಗಲಿಲ್ಲ. ಸಂಖ್ಯೆಗಳ ಲೋಕದಲ್ಲಿ ಅವರು ಎಷ್ಟು ಸಲೀಸಾಗಿ ಓಡಾಡಿಕೊಂಡಿದ್ದರು ಎಂಬುದು ಮನದಟ್ಟಾಯಿತು.

1988ರಲ್ಲಿ ಬರ್ಕ್ಲಿಯ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಶಕುಂತಲಾ ದೇವಿಯವರನ್ನು ಪರೀಕ್ಷಿಸಿದ್ದರು. 61,629,875ರ ಘನಮೂಲ 395. 170,859,375ರ ಏಳನೇ ಮೂಲ 15. ಪ್ರಶ್ನೆಯನ್ನು ಜೆನ್ಸನ್ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಮುಗಿಸುವ ಮೊದಲೇ ಉತ್ತರ ಬಂದಿರುತ್ತಿತ್ತಂತೆ. ಆದರೆ ಸರಳ ಪ್ರತಿಕ್ರಿಯೆಯ ವೇಗವನ್ನು ಅಳೆದಾಗ ಅದರಲ್ಲಿ ಅಸಾಧಾರಣವಾದದ್ದೇನೂ ಕಾಣಲಿಲ್ಲ. 1990ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದಿದಾಗ ನನ್ನೊಳಗೆ ಎಷ್ಟೋ ವರ್ಷಗಳಿಂದ ಅರೆಬರೆಯಾಗಿದ್ದ ಒಂದು ಮಾತು ಪೂರ್ತಿಯಾಯಿತು. ಅವರ ವೇಗದ ಬೇರು ನರಗಳಲ್ಲಿರಲಿಲ್ಲ, ಒಡನಾಟದಲ್ಲಿತ್ತು. ಸರ್ಕಸ್ಸಿನಲ್ಲಿದ್ದ ತಂದೆಯ ಜೊತೆ ಇಸ್ಪೀಟಿನ ಚಮತ್ಕಾರದಿಂದ ಶುರುವಾಗಿ, ಎಳವೆಯಿಂದ ಕೊನೆಯವರೆಗೂ ಸಂಖ್ಯೆಗಳ ನಡುವೆಯೇ ಬದುಕಿದ ಜೀವ ಅದು. ನಾವು ಊರಿನವರನ್ನು ನಡಿಗೆಯಲ್ಲೇ ಗುರುತಿಸುತ್ತೇವಲ್ಲ, ಸಂಖ್ಯೆಗಳನ್ನು ಅವರು ಗುರುತಿಸುತ್ತಿದ್ದುದೂ ಅಷ್ಟೇ ಸಹಜವಾಗಿ.

2013ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಆಗ ನಾನು ಕಾಲೇಜೊಂದರಲ್ಲಿ ಗಣಿತ ಹೇಳುತ್ತಿದ್ದೆ. ಮಾರನೆಯ ದಿನ ತರಗತಿಯಲ್ಲಿ ಪಾಠ ಮಾಡಲಿಲ್ಲ. ಮೂರು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದು, ಇದು ಸರಿಯೇ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಕ್ಯಾಲ್ಕುಲೇಟರು ತೆಗೆದವರು ಅದರ ಪರದೆಯಲ್ಲಿ ಇಪ್ಪತ್ತಾರು ಅಂಕಿ ಹಿಡಿಯದೆ ಕೈಬಿಟ್ಟರು. ಒಂಬತ್ತನ್ನು ಕಳೆಯುವುದು, ಸಾವಿರದ ಒಂದರ ಕೂಡು ಕಳೆ ಎಲ್ಲವನ್ನೂ ಅವರೇ ಕಂಡುಕೊಳ್ಳುವಂತೆ ಒಂದೊಂದು ಸುಳಿವು ಕೊಟ್ಟೆ. ಎರಡೂ ಕಡೆ 550 ಬಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಸಾರ್, ಇದು ನಿಜವಾಗಲೂ ಸರಿ!" ಎಂದಳು. ಸರಿ ಇರುತ್ತದೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಆದರೆ ಆ ‘ನಿಜವಾಗಲೂ’ ಎಂಬುದು ಅವಳದೇ ಸಂಪಾದನೆ.

ಈಗ ನಮ್ಮ ಊರುಗಳಲ್ಲಿ ಮಕ್ಕಳಿಗೆ ವೇಗದ ಲೆಕ್ಕದ ಸ್ಪರ್ಧೆಗಳು ನಡೆಯುತ್ತವೆ. ಎಷ್ಟು ಸೆಕೆಂಡು ಎಂಬುದೊಂದೇ ಅಲ್ಲಿ ಅಳತೆಗೋಲು. ಗೆಲ್ಲುವ ಒಂದೆರಡು ಮಕ್ಕಳನ್ನು ಬಿಟ್ಟರೆ ಮಿಕ್ಕವರು ಗಣಿತ ತಮಗಲ್ಲ ಎಂದುಕೊಂಡು ಮನೆಗೆ ಹೋಗುತ್ತಾರೆ. ಅದನ್ನು ನೋಡಿದಾಗ ನನಗೆ ನೋವಾಗುತ್ತದೆ. 28 ಸೆಕೆಂಡು ಕೋಟಿಗೊಬ್ಬರಿಗೆ ದಕ್ಕುವ ವರ. ಆದರೆ ಆ ಉತ್ತರ ಸರಿಯೇ ಎಂದು ಪರೀಕ್ಷಿಸುವುದು, ಅದರೊಳಗೆ ಹನ್ನೊಂದು ಎಲ್ಲಿ ಕೂತಿದೆ ಎಂದು ಹುಡುಕುವುದು, ಅದಕ್ಕೆ ಮಹಾವೀರರ ಪಟ್ಟಿಯಲ್ಲಿ ಹೆಸರು ಅರಸುವುದು ಪೆನ್ಸಿಲ್ ಹಿಡಿಯಬಲ್ಲ ಯಾವ ಮಗುವಿಗೂ ಸಾಧ್ಯ. ಪ್ರತಿ ಮಗುವಿಗೂ ಒಂದು ದೊಡ್ಡ ಸಂಖ್ಯೆಯನ್ನು ಕೊಡೋಣ ಎಂಬುದು ಮೇಷ್ಟ್ರುಗಳಲ್ಲಿ, ತಂದೆತಾಯಿಯರಲ್ಲಿ ನನ್ನ ಕೋರಿಕೆ. ಗಡಿಯಾರವನ್ನು ಬದಿಗಿಟ್ಟು, ವರ್ಷವಿಡೀ ಅದರ ಜೊತೆ ಇರಲು ಬಿಡೋಣ. ಅವರು ಅದನ್ನು ಭಾಗಿಸಲಿ, ಬಿಡಿಸಲಿ, ಅಂಕಿ ಅದಲು ಬದಲು ಮಾಡಿ ಏನಾಗುತ್ತದೆ ನೋಡಲಿ. ಯಾರೋ ಹೇಳಿದ್ದನ್ನು ನಂಬುವುದಕ್ಕೂ ತಾನೇ ಕಂಡು ಒಪ್ಪುವುದಕ್ಕೂ ಇರುವ ಅಂತರವನ್ನು ನಾನು ಕಲಿತದ್ದು ಆ ಇಪ್ಪತ್ತಾರು ಅಂಕಿಗಳಿಂದ. ಬದುಕಿನಲ್ಲಿ ಮುಂದೆ ಎದುರಾದ ಎಷ್ಟೋ ಮಾತುಗಳನ್ನು, ಸುದ್ದಿಗಳನ್ನು ತೂಗಿ ನೋಡಲು ನನಗೆ ಒದಗಿದ್ದು ಅದೇ ಕಲಿಕೆ.